ನಮ್ಮ ಅಳಿಯ ರೈಡರ್

ಕಾಫಿ ಸೀಮೆಯಲ್ಲಿ ರೈಟರ್ ಅಂದರೆ ಸಣ್ಣ ಮನುಷ್ಯನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವವನು ಅವನು. ಯಾರು ತೋಟದ ಯಾವ ಕಡೆಗೆ ಹೋಗಬೇಕು ಅಂತ ಹೇಳುವವನು, ಸಂಜೆ ಕೊಯ್ದ ಹಣ್ಣು ತೂಗುವವನು ಎಲ್ಲ ಅವನೇ. ಇರುವುದಕ್ಕೆ ಎಸ್ಟೇಟಿನ ಮನೆ, ಉರಿಸುವುದಕ್ಕೆ ಎಸ್ಟೇಟಿನ ಸೌದೆ. ಸಾಹುಕಾರರು ತಿಂಗಳುಗಟ್ಟಲೆ ಊರಲ್ಲಿಲ್ಲದಿದ್ದರೂ ತೋಟ ನಡೆಯುತ್ತದೆ, ರೈಟರ್ ಜ್ವರ ಬಂದು ಮಲಗಿದರೆ ನಿಂತುಹೋಗುತ್ತದೆ. ಅದಕ್ಕೇ ಮಗಳಿಗೆ ಗಂಡು ನೋಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ರೈಟರ್ ಸಿಕ್ಕಿದರೆ ಎರಡನೇ ಮಾತಿಲ್ಲದೆ ಕೊಟ್ಟುಬಿಡುವುದು.

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮದು ಹೆಗ್ಗದ್ದೆ ಕಡೆ. ತುಂಡು ಗದ್ದೆ, ಮನೆಯ ಹಿಂದೆ ಒಂದಿಷ್ಟು ಕಾಫಿ. ಕೊಯ್ಲಿನ ಕಾಲದಲ್ಲಿ ನಾನು ಬೇರೆಯವರ ಎಸ್ಟೇಟಿಗೂ ಹಣ್ಣು ಬಿಡಿಸಲು ಹೋಗುತ್ತಿದ್ದೆ. ಒಂದು ದಿನ ಮಗ್ಗೆಯಿಂದ ನಮ್ಮ ದೊಡ್ಡಮ್ಮನ ಮಗ ಬಂದ. ಸಂಬಂಧ ತಂದಿದ್ದ. ಅವನ ಬಾಯಲ್ಲಿ ಯಾವ ಹೊತ್ತಿನಲ್ಲೂ ಎಲೆಅಡಿಕೆ, ಮಾತೆಲ್ಲ ರಸದಲ್ಲಿ ನೆನೆದೇ ಹೊರಗೆ ಬರುವುದು.

"ಹುಡ್ಗ ಏನ್ ಮಾಡ್ಕಂಡವ್ನೆ?" ಅಂತ ಕೇಳಿದೆ.

"ರೈಡರ್ ಕಣಕ್ಕ. ಮೇನ್ ರೈಡರ್."

ನನ್ನ ಕಿವಿಗೆ ಬಿದ್ದದ್ದು ಮೇನ್ ರೈಟರ್ ಅಂತ. ದೊಡ್ಡ ಎಸ್ಟೇಟುಗಳಲ್ಲಿ ಇಬ್ಬರು ಮೂವರು ರೈಟರ್ ಇರುತ್ತಾರೆ, ಅವರ ಮೇಲಿನವನು ಅಂದುಕೊಂಡೆ.

"ಎಲ್ಲಿ?"

"ಈಗ ಆಲೂರು ಕಡೆ. ಆದ್ರೆ ಹಾಸನದೋರು, ಚಿಕ್ಕಮಗಳೂರೋರು ಜೀಪ್ ತಕಂಡ್ ಬಂದು ನಮ್ ಕಡೆ ಬಾ ಅಂತ ಕರೀತವ್ರೆ. ಅಂಥಾ ಹುಡ್ಗ."

ಸಾಹುಕಾರರು ಜೀಪಿನಲ್ಲಿ ಬಂದು ಕರೆಯುವಂಥ ರೈಟರ್ ಅಂದರೆ ಕೈ ಶುದ್ಧ ಇರಬೇಕು ಅಂತ ನಾನು ಲೆಕ್ಕ ಹಾಕಿದೆ.

"ಕುಡಿತಾನಾ?"

"ಕುಡುದ್ರೆ ದಮ್ಮು ನಿಲ್ಲಲ್ವಲ್ಲಕ್ಕ. ಮುಟ್ಟಲ್ಲ."

ರೈಟರಿಗೆ ದಮ್ಮು ಯಾಕೆ ಬೇಕು ಅಂತ ಒಂದು ಗಳಿಗೆ ಅನ್ನಿಸಿತು. ಗುಡ್ಡ ಹತ್ತಿ ಇಳಿಯಬೇಕಲ್ಲ, ಬೇಕಾಗುತ್ತದೆ ಅಂತ ನಾನೇ ಉತ್ತರವನ್ನೂ ಕೊಟ್ಟುಕೊಂಡೆ.

ಮದುವೆ ಆಯಿತು. ಹುಡುಗ ಗಟ್ಟಿಮುಟ್ಟಾಗಿದ್ದ. ಒಂದು ಕಿವಿ ಜಜ್ಜಿದ ಹಾಗಿತ್ತು, ಎರಡು ಬೆರಳು ಸೊಟ್ಟ. ತೋಟದಲ್ಲಿ ಬಿದ್ದಿರಬೇಕು ಅಂದುಕೊಂಡೆ. ಅವನ ಕಡೆ ಸ್ನೇಹಿತರು ಬಂದಿದ್ದರು, ಎಲ್ಲರಿಗೂ ಹೋರಿಯ ಕುತ್ತಿಗೆ. ಊಟಕ್ಕೆ ಕೂತರೆ ಬಡಿಸುವವರು ಸುಸ್ತಾದರು. ಎಲ್ಲಾ ರೈಟರ್‌ಗಳೇ ಇರಬೇಕು, ಒಳ್ಳೆ ಎಸ್ಟೇಟುಗಳಲ್ಲಿ ಇದ್ದಾರೆ ಅಂತ ನನಗೆ ಹೆಮ್ಮೆ.

ಮದುವೆ ಕಳೆದು ಅಳಿಯ ಮೊದಲ ಸಲ ಮನೆಗೆ ಬಂದ ದಿನ ಮಧ್ಯಾಹ್ನ ಕಡುಬು, ಕೋಳಿಸಾರು ಮಾಡಿದ್ದೆ. ಬಡಿಸುತ್ತಾ ಮಾತಿಗೆ ಎಳೆದೆ. ಎಸ್ಟೇಟುಗಳಲ್ಲಿ ಆಳುಗಳ ಸಾಲುಮನೆಗೆ ಲೈನ್ ಅನ್ನುತ್ತೇವೆ. ಲೈನ್ ಎಷ್ಟಿದೆ ಅಂತ ಕೇಳಿದರೆ ಎಸ್ಟೇಟು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

"ನಿಮ್ ಕಡೆ ಎಷ್ಟು ಲೈನ್ ಅವೆ?" ಅಂದೆ.

ಅವನ ಮುಖ ಅರಳಿತು. "ನಮ್ ಕಡೆ ಮೂರು ಅತ್ತೆ. ಮಧ್ಯದ ಲೈನು ಇಬ್ರಿಗೂ ಸೇರಿದ್ದು."

"ಇಬ್ರಿಗೂ ಅಂದ್ರೆ ಜಗಳ ಆಗಲ್ವ?"

"ಜಗಳ ಇದ್ದಿದ್ದೇ. ಬೋನಸ್ ಲೈನ್ ಹತ್ರಾನೇ ಜಾಸ್ತಿ."

"ಬೋನಸ್ಸಿಗೇ ಬೇರೆ ಲೈನ?"

"ಹೂ ಅತ್ತೆ. ಕಾಲಿಟ್ರೆ ಬೋನಸ್ಸು."

ನಾವು ವರ್ಷವಿಡೀ ದುಡಿದು ಬೋನಸ್ಸಿಗೆ ಸಾಹುಕಾರರ ಮನೆ ಬಾಗಿಲಲ್ಲಿ ನಿಲ್ಲುವವರು. ಕಾಲಿಟ್ಟರೆ ಬೋನಸ್ ಕೊಡುವ ಎಸ್ಟೇಟು ಈ ಸೀಮೆಯಲ್ಲಿ ಎಲ್ಲಿದೆ? ನನಗೆ ಸಣ್ಣ ಅನುಮಾನ ಬಂತು.

"ಆಳೆಷ್ಟು?"

"ಏಳು."

"ಏಳೇ?"

"ಎದ್ರುಗಡೇನೂ ಏಳೇ ಅತ್ತೆ. ನಾನ್ ಹೋಗಿ ಮುಟ್ಟುದ್ರೆ ಅವ್ರು ಹೊರಗ್ ಕೂತ್ಕಬೇಕು."

"ಕೆಲ್ಸಕ್ಕೆ ಬಂದ್ ಆಳನ್ನ ಯಾಕಪ್ಪ ಹೊರಗ್ ಕೂರಿಸ್ತೀರ?"

ಒಲೆಯ ಹತ್ತಿರ ಮಗಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನಮ್ಮ ಯಜಮಾನರು ಗೋಡೆಯ ಕಡೆ ತಿರುಗಿ ಕೂತಿದ್ದರು, ಬೆನ್ನು ಅಲ್ಲಾಡುತ್ತಿತ್ತು. ನಾನು ಸೌಟು ಕೆಳಗಿಟ್ಟೆ.

"ನೀವು ಮಾಡೋ ಕೆಲ್ಸ ಏನು? ಸರಿಯಾಗಿ ಹೇಳಿ."

"ಕಬಡ್ಡಿ ಅತ್ತೆ."

"ಕಬಡ್ಡಿ ಆಡಿ, ಬ್ಯಾಡ ಅಂದೋರ್ಯಾರು. ಕೆಲ್ಸ ಏನು?"

"ಅದೇ ಅತ್ತೆ."

ತುತ್ತು ಕೈಯಲ್ಲೇ ಇತ್ತು ಅವನಿಗೆ. ಪಾಪ, ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಉಸಿರು ಕಟ್ಟಿಕೊಂಡು ಕಬಡ್ಡಿ ಕಬಡ್ಡಿ ಅನ್ನುತ್ತಾ ಎದುರಾಳಿಗಳ ಮೇಲೆ ಒಬ್ಬನೇ ನುಗ್ಗಿ ಹೋಗುತ್ತಾನಲ್ಲ, ಅವನಿಗೆ ರೈಡರ್ ಅನ್ನುತ್ತಾರೆ ಅಂತ ನನಗೆ ಆವತ್ತು ಗೊತ್ತಾಯಿತು.

ಊಟ ಮುಗಿದು ಅವನು ಅಂಗಳಕ್ಕೆ ಹೋದ ಮೇಲೆ ಯಜಮಾನರನ್ನು ಹಿಡಿದೆ. "ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೆ. ಇವನ ಆಟ ನೋಡಕ್ಕೆ ಸಕಲೇಶಪುರಕ್ಕೇ ಹೋಗಿದ್ದೆ ನಾನು."

"ಮತ್ತೆ ಬಾಯಿ ಬಿಡ್ಲಿಲ್ಲ?"

"ನೀನೇ ಖುಷಿಯಾಗಿ ಒಪ್ಕಂಬುಟ್ಟಿದ್ದೆ. ನಿನ್ ಮನೆದೇವ್ರು ನಿನ್ನ ಕಿವಿ ಮಂದ ಮಾಡವ್ನೆ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಮಗಳನ್ನು ಕೇಳಿದೆ. ಅವಳೂ ಹಾಗೇ. "ಆಲೂರಲ್ಲಿ ಇವ್ರ ಆಟ ನೋಡಿದ್ದೆ ಕಣವ್ವ. ನಂಗೂ ಗೊತ್ತಿತ್ತು."

ಅಪ್ಪ ಮಗಳು ಇಬ್ಬರೂ ಸೇರಿ ನನ್ನೊಬ್ಬಳನ್ನು ಮೂರ್ಖಳನ್ನಾಗಿ ಮಾಡಿದ್ದರು. ನಾನು ಅಳಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಎಸೆಯಲೂ ಇಲ್ಲ. ಅಂಗಳಕ್ಕೆ ಹೋಗಿ ಅಳಿಯನಿಗೆ ಒಂದೇ ಪ್ರಶ್ನೆ ಹಾಕಿದೆ. "ಈ ಆಟ ಎಷ್ಟು ವಯಸ್ಸಿನ ತನಕ ಓಡ್ತದೆ?"

ಅವನು ಸೊಟ್ಟ ಬೆರಳು ನೋಡಿಕೊಂಡ. "ಮೂವತ್ತು ಅತ್ತೆ. ಮೈ ಚೆನ್ನಾಗಿದ್ರೆ ಇನ್ನೊಂದೆರಡು ವರ್ಷ."

"ಆಮೇಲೆ ನನ್ ಮಗಳು ಏನ್ ತಿನ್ಬೇಕು?"

ಅವತ್ತಿನಿಂದ ಆ ಪ್ರಶ್ನೆ ನನ್ನದಾಯಿತು. ಆಟ ನಿಲ್ಲುವುದರೊಳಗೆ ಇವನಿಗೆ ಕಾಲೂರುವುದಕ್ಕೆ ಒಂದು ಜಾಗ ಆಗಬೇಕು. ನನ್ನ ಹಟ ಅಷ್ಟೇ.

ಆದರೆ ಬೈಯುವ ಮುಂಚೆ ನೋಡಬೇಕಲ್ಲ. ಆಲೂರಿನಲ್ಲಿ ಆಟ ಇದ್ದ ದಿನ ಸರ್ಕಾರಿ ಬಸ್ಸು ಹತ್ತಿ ಹೋದೆ. ಹೆಂಗಸರು ಕಡಿಮೆ. ನಾನು ಹಗ್ಗದ ಪಕ್ಕ ನೆಲದ ಮೇಲೆ ಕೂತೆ. ಅಳಿಯ ಅಂಕಣಕ್ಕೆ ಇಳಿದಾಗ ಮನೆಯಲ್ಲಿ ಕೂತು ಕಡುಬು ತಿಂದ ಹುಡುಗ ಇವನಲ್ಲ ಅನ್ನಿಸಿತು. ಮೆಲ್ಲಗೆ ಹೋಗುತ್ತಾನೆ, ಬಗ್ಗಿ ಬಗ್ಗಿ, ಯಾರದೋ ಮನೆಯಲ್ಲಿ ಏನೋ ಹುಡುಕುವವನ ಹಾಗೆ. ಕಣ್ಣು ಒಬ್ಬನ ಮೇಲೆ, ಕಾಲು ಇನ್ನೊಬ್ಬನ ಮೇಲೆ. ಮುಟ್ಟಿದ್ದು ಮುಟ್ಟಿಸಿಕೊಂಡವನಿಗೇ ಗೊತ್ತಾಗುವುದಿಲ್ಲ. ಒಂದು ಸಲ ನಾಲ್ಕು ಜನ ಒಟ್ಟಿಗೆ ಮೇಲೆ ಬಿದ್ದರು. ದೂಳಿನಲ್ಲಿ ಏನೂ ಕಾಣಲಿಲ್ಲ. ದೂಳಿನೊಳಗಿಂದ ಕಬಡ್ಡಿ ಕಬಡ್ಡಿ ಅನ್ನುವ ದನಿ ಮಾತ್ರ ನಿಲ್ಲಲೇ ಇಲ್ಲ. ನಾಲ್ವರನ್ನೂ ಎಳೆದುಕೊಂಡು ಮಧ್ಯದ ಲೈನಿಗೆ ಕೈ ಚಾಚಿದ. ಜನ ಹುಚ್ಚೆದ್ದು ಕೂಗಿದರು. ನನ್ನ ಪಕ್ಕ ಕೂತಿದ್ದ ಮುದುಕ ನನ್ನ ಭುಜ ಹಿಡಿದು ಅಲ್ಲಾಡಿಸಿ, "ನೋಡ್ದೇನಮ್ಮ, ಇದು ಗಂಡು!" ಅಂದ.

"ನನ್ ಅಳಿಯ. ಕೈ ತೆಗಿ," ಅಂದೆ.

ಅವತ್ತು ನನಗೆ ಒಂದು ತಿಳಿಯಿತು. ಇವನು ಸೋಮಾರಿಯಲ್ಲ, ಕೆಲಸಗಳ್ಳನಲ್ಲ. ಅವನು ಮಾಡುವುದು ಕೆಲಸವೇ. ಆ ಕೆಲಸಕ್ಕೆ ಆಯಸ್ಸು ಕಡಿಮೆ, ಅಷ್ಟೇ ದೋಷ.

ಆ ಕಾಲದಲ್ಲಿ ಒಳ್ಳೆಯ ಆಟಗಾರರನ್ನು ಬೇರೆ ಊರಿನವರು ಒಂದು ಪಂದ್ಯಾವಳಿಗೆ ಅಂತ ಕರೆದೊಯ್ಯುತ್ತಿದ್ದರು. ಈ ವಾರ ಈ ಊರಿನ ಬನಿಯನ್ನು, ಮುಂದಿನ ವಾರ ಇನ್ನೊಂದು ಊರಿನದು. ಜಿಲ್ಲೆಗೆ ಆಡಿದ, ಒಂದು ಸಲ ರಾಜ್ಯದ ಆಯ್ಕೆಗೂ ಹೋಗಿ ಬಂದ. ಗೆದ್ದರೆ ಗೋಡೆ ಗಡಿಯಾರ ಕೊಡುತ್ತಿದ್ದರು. ಮಗಳ ಮನೆ ತುಂಬಾ ಗಡಿಯಾರ, ಒಂದರಲ್ಲಿ ಹತ್ತು ಗಂಟೆ ಆದರೆ ಇನ್ನೊಂದರಲ್ಲಿ ನಾಲ್ಕು. ಸೋತರೆ ಮೈತುಂಬ ತರಚು ಗಾಯ. ಗೆದ್ದರೂ ಗಾಯ ಇದ್ದದ್ದೇ. ಮಗಳು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಎಡಗಾಲಿನ ಮಂಡಿ ಆಗಾಗ ಊದುತ್ತಿತ್ತು. ಅವನು ಅದನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ಪ್ಯಾಂಟು ಹಾಕಿ ನನ್ನ ಮುಂದೆ ನೆಟ್ಟಗೆ ನಡೆಯುತ್ತಿದ್ದ. ನನಗೆ ಕಣ್ಣಿಲ್ಲವೇ?

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ನಮ್ಮ ಕಡೆಯ ಒಬ್ಬ ಸಾಹುಕಾರರು ಅಳಿಯನ ಮನೆಗೆ ಜೀಪು ತಂದರು. ಎಸ್ಟೇಟುಗಳವರೇ ಸೇರಿಕೊಂಡು ವರ್ಷಕ್ಕೊಂದು ಕಬಡ್ಡಿ ಪಂದ್ಯಾವಳಿ ಮಾಡುತ್ತಿದ್ದರು. ಅದಕ್ಕೆ ಒಂದು ಕಟ್ಟುಪಾಡು ಇತ್ತು. ಎಸ್ಟೇಟಿನಲ್ಲಿ ಕೆಲಸ ಮಾಡುವವರು ಮಾತ್ರ ಆಡಬೇಕು, ಹೊರಗಿನ ಆಟಗಾರರನ್ನು ತರುವ ಹಾಗಿಲ್ಲ. ಈ ಸಾಹುಕಾರರಿಗೆ ಕಪ್ಪಿನ ಮೇಲೆ ಆಸೆ. ಅದಕ್ಕೆ ಒಂದು ದಾರಿ ಹುಡುಕಿಕೊಂಡು ಬಂದಿದ್ದರು.

"ನಿನ್ನ ನಮ್ಮ ಎಸ್ಟೇಟಿಗೆ ರೈಟರ್ ಅಂತ ಸೇರಿಸ್ಕೊಂಡ್ಬುಡ್ತೀನಿ. ಮನೆ ಐತೆ. ಕೆಲ್ಸ ಏನೂ ಬೇಡ, ಬರೀ ಆಡು," ಅಂದರು.

ಅಳಿಯ ಆಗಲಿ ಅಂದ. ಮಗಳು ಸಂತೋಷದಲ್ಲಿ ಓಡಿಬಂದು ನನಗೆ ಹೇಳಿದಳು. "ಕೊನೆಗೂ ನಿನ್ನ ಅಳಿಯ ರೈಟ್ರಾದ ಕಣವ್ವ."

"ಕೆಲ್ಸ ಮಾಡಲ್ಲ ಅಂದ್ಮೇಲೆ ಎಂಥಾ ರೈಟರ್ರೆ? ಕಾಲು ಮುರುದ್ರೆ ಅವತ್ತೇ ಕಳಿಸ್ತಾರೆ," ಅಂದೆ.

ಮಗಳು ಅಳಿಯ ಎಸ್ಟೇಟಿನ ಮನೆಗೆ ಹೋದ ಮಾರನೇ ವಾರ ನಾನು ಹೋಗಿ ಅಳಿಯನನ್ನು ಕೂರಿಸಿಕೊಂಡೆ. ಅಷ್ಟು ಹೊತ್ತಿಗೆ ಅವನಿಗೆ ಬಹುವಚನ ಬಿಟ್ಟಿದ್ದೆ.

"ನೋಡಪ್ಪ. ನಾಳೆಯಿಂದ ಬೆಳಿಗ್ಗೆ ಹಾಜರಿಗೆ ನೀನೇ ಹೋಗ್ಬೇಕು. ತೂಕಕ್ಕೆ ನೀನೇ ನಿಲ್ಬೇಕು."

"ಸಾಹುಕಾರ್ರು ಬೇಡ ಅಂದವ್ರೆ ಅತ್ತೆ."

"ಅವ್ರು ಅಂತಾರೆ. ನೀನು ಇಲ್ದಿದ್ರೂ ಕೆಲ್ಸ ನಡೀತದೆ ಅಂತ ಅವ್ರಿಗೆ ಗೊತ್ತಿದ್ರೆ, ನಿನ್ನ ಕಳ್ಸದು ಎಷ್ಟೊತ್ತು? ನೀನಿಲ್ದಿದ್ರೆ ತೊಂದ್ರೆ ಆಗ್ಬೇಕು. ಅಂಗ್ ಮಾಡ್ಕೊ."

ಅವನಿಗೆ ರುಚಿಸಲಿಲ್ಲ. ಮೂರು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಹೋದ. ಮೊದಮೊದಲು ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುತ್ತಿದ್ದ. ಯಾವ ಗಿಡದ ರೆಂಬೆ ಸವರಿ ಕಪಾತು ಆಗಿದೆ, ಯಾವುದಕ್ಕೆ ಆಗಿಲ್ಲ ಅನ್ನುವುದೂ ತಿಳಿಯುತ್ತಿರಲಿಲ್ಲ. ಆದರೆ ಒಂದು ಗುಣ ಇತ್ತು. ಮೈದಾನದಲ್ಲಿ ಎದುರಾಳಿಯ ಕಾಲು ನೋಡುತ್ತಿದ್ದನಲ್ಲ, ಹಾಗೆ ಇಲ್ಲೂ ಯಾರು ಎಲ್ಲಿ ತಪ್ಪಿಸಿಕೊಳ್ಳುತ್ತಾರೆ ಅಂತ ನೋಡಿಕೊಂಡ. ಒಂದು ಮಳೆಗಾಲ ಕಳೆದು ಕೊಯ್ಲು ನಡೆಯುವ ಹೊತ್ತಿಗೆ ಆಳುಗಳು ಅವನಿಗೆ ಹೆದರಲೂ ಶುರು ಮಾಡಿದರು, ಬೈಯಲೂ ಶುರು ಮಾಡಿದರು. ಬೈಗುಳ ಕಿವಿಗೆ ಬಿದ್ದ ದಿನ ನನಗೆ ಸ್ವಲ್ಪ ಧೈರ್ಯ ಬಂತು.

ಮುಂದಿನ ಬೇಸಿಗೆಯ ಮೊದಲಿಗೆ ಎಸ್ಟೇಟುಗಳ ಪಂದ್ಯಾವಳಿ. ತಡವಾಗಿ ಹಣ್ಣಾಗುವ ರೋಬಸ್ಟಾ ಕಾಫಿಯ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಭಾನುವಾರ ರಜೆ ಅಂತ ಸಾಹುಕಾರರು ಲೈನಿನ ಹೆಂಗಸರನ್ನೆಲ್ಲ ಲಾರಿಯಲ್ಲಿ ಕರೆತಂದಿದ್ದರು, ಕೂಗುವುದಕ್ಕೆ. ನಾನೂ ಅದೇ ಲಾರಿಯಲ್ಲಿ ಬಂದೆ. ಎದುರು ಎಸ್ಟೇಟಿನವರ ಜೊತೆ ಆಟ ಶುರುವಾಗಬೇಕು, ಅಷ್ಟರಲ್ಲಿ ಆ ಕಡೆಯ ಮ್ಯಾನೇಜರ್ ಅಂಕಣದ ಮಧ್ಯಕ್ಕೆ ಬಂದು ನಿಂತ. ಬೆರಳು ನನ್ನ ಅಳಿಯನ ಕಡೆ.

"ಇವನು ಬಾಡಿಗೆ ರೈಡರ್. ಜಿಲ್ಲೆಗೆಲ್ಲ ಗೊತ್ತು. ರೈಟರ್ ಅಂತ ಹೆಸ್ರು ಹಾಕ್ಕೊಂಡು ಮೋಸ ಮಾಡ್ತಿದ್ದಾರೆ. ಇವನನ್ನ ಹೊರಗೆ ಹಾಕಿ."

ತೀರ್ಪು ಕೊಡಬೇಕಾದವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಬಿಳಿ ಟೋಪಿ, ಕುತ್ತಿಗೆಗೆ ಸೀಟಿ. ಅವರು ನಮ್ಮ ಸಾಹುಕಾರರ ಕಡೆ ನೋಡಿದರು. ಸಾಹುಕಾರರು ಎದೆ ಸೆಟೆಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇವನು ನಮ್ಮ ರೈಟರ್. ಆಟ ಆಡ್ತಾನೆ, ಅದು ಬೇರೆ. ನಮ್ಮ ಎಸ್ಟೇಟು ನಡೀತಿರೋದೇ ಇವನಿಂದ. ಯಾರನ್ನ ಬೇಕಾದ್ರೂ ಕೇಳಿ."

ಇಲ್ಲಿ ಸುಳ್ಳು ಅಂತ ಆದರೆ ಇವತ್ತಿನ ಆಟ ಮಾತ್ರ ಹೋಗುವುದಿಲ್ಲ. ಮಾನ ಹೋದ ಸಿಟ್ಟಿಗೆ ಸಾಹುಕಾರರು ಅವನ ಹೆಸರನ್ನೂ ತೆಗೆಯುತ್ತಾರೆ, ಮನೆಯನ್ನೂ ಬಿಡಿಸುತ್ತಾರೆ. ನಾನು ಎದ್ದು ಹೇಳಬಹುದಿತ್ತು. ಆದರೆ ಅತ್ತೆಯ ಸಾಕ್ಷಿ ಯಾರು ನಂಬುತ್ತಾರೆ?

ಮೇಷ್ಟ್ರು ಸೀದಾ ಲಾರಿಯ ಹತ್ತಿರ, ಹೆಂಗಸರು ಕೂತಿದ್ದ ಕಡೆ ಬಂದರು. "ಏನ್ರಮ್ಮಾ, ಇವರು ಯಾರು? ಹೆದರ್ಬೇಡಿ, ಹೇಳಿ."

ಏನು ಹೇಳಿದರೆ ಏನಾಗುತ್ತದೋ ಅಂತ ಎಲ್ಲರಿಗೂ ಭಯ. ಎದುರಿನವರು ನಗಲು ಶುರು ಮಾಡಿದರು. ಆಗ ಹಿಂದಿನಿಂದ ಒಬ್ಬಳು ಎದ್ದಳು. ಕೊಯ್ಲಿಗೆ ನಿಂತರೆ ಯಾರಿಗೂ ಹಿಂದೆ ಬೀಳದವಳು, ಬಾಯಿಯೂ ಹಾಗೇ.

"ಯಾರು ಅಂತ ನನ್ನೇ ಕೇಳಿ ಸ್ವಾಮಿ. ಗುರುವಾರ ನನ್ ತೂಕ ಕಡ್ದವ್ರು ಇವ್ರೇಯ!"

ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಏನು?"

"ಚೀಲ ತಂದು ತಕ್ಡಿಗೆ ಇಟ್ರೆ, ಹಣ್ಣಿನ ಜೊತೆ ಕಾಯಿ ಬಿಡ್ಸಿದ್ದೀಯ, ಸೊಪ್ಪು ಐತೆ ಅಂತ ತೂಕ ಇಳ್ಸುದ್ರು. ಎಲ್ಲಿತ್ತು ಸೊಪ್ಪು? ನಾಕು ಎಲೆ ಇದ್ದಿರ್ಬೋದು. ನಾಕು ಎಲೆಗೆ ಎಷ್ಟು ತೂಕ ಆಯ್ತದೆ, ನೀವೇ ಹೇಳಿ."

ನನ್ನ ಅಳಿಯ ಬನಿಯನ್ನು, ಚಡ್ಡಿಯಲ್ಲಿ ಅಂಕಣದಲ್ಲಿ ನಿಂತಿದ್ದ. ಎಲ್ಲಿದ್ದೀನಿ ಅನ್ನುವುದೇ ಅವನಿಗೆ ಮರೆತುಹೋಯಿತು. "ನಾಕು ಎಲೆನಾ ಅಕ್ಕ? ಅರ್ಧ ಚೀಲ ಹಸಿ ಕಾಯಿ ಇತ್ತು! ಸುರುದು ತೋರ್ಸುದ್ನಲ್ಲ!"

"ನೀವು ಸುರುದಿದ್ದು ನನ್ ಚೀಲ ಅಲ್ಲ, ಪಕ್ಕದೋಳ್ದು!"

"ನಂದ್ಯಾಕೆ ತರ್ತೀಯೆ ಮಧ್ಯಕ್ಕೆ?" ಅಂತ ಪಕ್ಕದವಳೂ ಎದ್ದಳು.

"ಅಕ್ಕ, ಇದನ್ನ ಇಲ್ಲಿ ಯಾಕೆ ತೆಗೀತೀಯ? ನಾಳೆ ಮಾತಾಡನ," ಅಂದ ಅಳಿಯ.

"ನಾಳೆ ಎಲ್ಲಿ ಸಿಗ್ತೀರ ನೀವು? ತೂಕ ಆಗ್ತಿದ್ದಂಗೆ ಕಬಡ್ಡಿ ಕಬಡ್ಡಿ ಅಂತ ಓಡ್ಬುಡ್ತೀರ. ಇವತ್ತು ಸಿಕ್ಕಿದೀರ, ಹೇಳ್ಬುಟ್ಟು ಹೋಗಿ."

ಮೈದಾನ ಪೂರ್ತಿ ನಕ್ಕಿತು. ಎದುರು ಎಸ್ಟೇಟಿನ ಹೆಂಗಸರು ನಮ್ಮವಳ ಪರವಾಗಿ ಕೂಗತೊಡಗಿದರು, ಅವರ ರೈಟರ್ ಕೂಡ ಹಾಗೇ ಮಾಡುತ್ತಾನಂತೆ. ಮೇಷ್ಟ್ರು ಸೀಟಿ ಊದಿ ಊದಿ ಕೆಮ್ಮಿದರು. ಕೊನೆಗೆ ಆ ಮ್ಯಾನೇಜರ್ ಕಡೆ ತಿರುಗಿ ಹೇಳಿದರು. "ಸಾಕಾ ಸಾರ್? ಬಾಡಿಗೆ ಆಟಗಾರನ್ನ ಹಿಡ್ಕೊಂಡು ಯಾರೂ ಹಣ್ಣಿನ ತೂಕ ಕೇಳಲ್ಲ. ಇವನು ರೈಟರ್ರೇ. ಆಟ ಶುರು."

ಆ ಆಟ ಗೆದ್ದರು. ಫೈನಲ್ ಸೋತರು. ಸಾಹುಕಾರರು ಕಪ್ಪು ಹೋಯಿತಲ್ಲ ಅಂತ ಜೀಪಿನಲ್ಲಿ ಮುಖ ಗಂಟು ಹಾಕಿಕೊಂಡು ಹೋದರು. ಮಾರನೇ ದಿನ ಆ ಹೆಂಗಸು ಬಿಡಲಿಲ್ಲ, ತೂಕದ ಜಗಳ ಮುಂದುವರಿಸಿದಳು. ಅಳಿಯ ಅರ್ಧ ಸೋತ, ಅರ್ಧ ಗೆದ್ದ.

ಅದಾದ ಮೇಲೆ ಇನ್ನೂ ಮೂರು ನಾಲ್ಕು ವರ್ಷ ಆಡಿದ. ಒಂದು ವರ್ಷ ಕಪ್ಪೂ ಬಂತು. ಎರಡು ಸಾವಿರದ ಇಸವಿ ದಾಟಿತ್ತು, ಅವನಿಗೆ ಮೂವತ್ತು ತುಂಬಿತ್ತು, ಆಲೂರಿನಲ್ಲಿ ಒಂದು ಆಟದಲ್ಲಿ ಎಡ ಮಂಡಿ ಹೋಯಿತು. ನಾನು ಅಲ್ಲಿರಲಿಲ್ಲ. ಒಣ ಕೊಂಬೆ ಮುರಿದ ಹಾಗೆ ಸದ್ದಾಯಿತು ಅಂತ ಯಜಮಾನರು ಹೇಳಿದರು. ಅವರು ಅಳಿಯನ ಆಟ ಒಂದನ್ನೂ ಬಿಡುತ್ತಿರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, ನಡೆಯಬಹುದು, ಆಡುವ ಹಾಗಿಲ್ಲ ಅಂದರು. ಅಳಿಯ ಅತ್ತ. ನಾನು ಅವನನ್ನು ಸಮಾಧಾನ ಮಾಡಲಿಲ್ಲ. ಅಷ್ಟು ವರ್ಷ ಆಡಿದವನು ಅಳಬೇಕು. ಅತ್ತು ಮುಗಿಸಿದ ಮೇಲೆ ಗಂಜಿ ಕೊಟ್ಟೆ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಎಸ್ಟೇಟಿನ ಮನೆಗೆ ಬಂದ. ಮಗಳಿಗೆ ಜೊತೆಯಾಗಿ ನಾನು ಅಲ್ಲೇ ಉಳಿದೆ. ಒಂದು ಬೆಳಿಗ್ಗೆ ಸಾಹುಕಾರರು ಬಂದರು. ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಕಾಲು ಹೇಗಿದೆ, ನೋವು ಇದೆಯಾ, ಎಲ್ಲ ಕೇಳಿದರು. ಆಮೇಲೆ ನೆಲ ನೋಡುತ್ತಾ ಮಾತು ತೆಗೆದರು.

"ಅರಸೀಕೆರೆ ಕಡೆ ಒಬ್ಬ ಹುಡುಗ ಸಿಕ್ಕವ್ನೆ. ಒಳ್ಳೆ ರೈಡರ್. ಅವ್ನಿಗೆ ಮನೆ ಬೇಕು ಅಂತಾನೆ. ರೈಟರ್ ಅಂತ ಅವನನ್ನ..."

ಮಗಳು ಕಾಫಿ ತಂದು ಕುರ್ಚಿಯ ಪಕ್ಕ ಇಟ್ಟಳು. ಅಳಿಯ ಗೋಡೆ ನೋಡಿದ. ಸಾಹುಕಾರರ ಮುಂದೆ ಕೂತು ಮಾತಾಡಿ ನನಗೆ ಅಭ್ಯಾಸ ಇಲ್ಲ, ನಿಂತೇ ಮಾತಾಡಿದೆ.

"ಹೊಸಬನಿಗೆ ಆಟ ಕೊಡಿ ಸಾಹುಕಾರ್ರೆ. ಇವನ ಕೆಲ್ಸ ಯಾಕೆ ಕೊಡ್ತೀರ?"

"ಅದು ಹಂಗಲ್ಲಮ್ಮ, ಇವನನ್ನ ತಗೊಂಡಿದ್ದೇ ಆಟಕ್ಕೆ..."

"ಅಂಗಾದ್ರೆ ಅವತ್ತು ಮೈದಾನದಲ್ಲಿ ಅಷ್ಟು ಎಸ್ಟೇಟಿನೋರ ಮುಂದೆ ಇವನು ನಮ್ಮ ರೈಟರ್ ಅಂದ್ರಲ್ಲ, ಎಸ್ಟೇಟು ನಡೀತಿರೋದೇ ಇವನಿಂದ ಅಂದ್ರಲ್ಲ, ಅದು ಸುಳ್ಳಾ? ಕಾಲು ಮುರುದ್ ಮಾರನೇ ದಿನ ರೈಟರ್ನ ಕಳ್ಸುದ್ರು ಅಂತ ಗೊತ್ತಾದ್ರೆ, ಆ ಮ್ಯಾನೇಜರ್ ಬಂದು ಮನೆಬಾಗ್ಲಲ್ಲಿ ನಗ್ತಾನೆ. ಗೆದ್ದಿದ್ದೆಲ್ಲ ಮೋಸ ಅಂತಾನೆ."

ಸಾಹುಕಾರರು ನನ್ನ ಮುಖ ನೋಡಿದರು. ಸಿಟ್ಟು ಬಂದಿತ್ತು, ಕಾಣುತ್ತಿತ್ತು. ನಾನು ಕಣ್ಣು ಕೆಳಗೆ ಹಾಕಲಿಲ್ಲ.

"ಈ ಮನುಷ್ಯ ಮಲಗಿ ಹತ್ತಾರು ದಿನ ಆಯ್ತು," ಅಂದೆ. "ಹೊರಗೆ ಹಾಜರಿ ಯಾರು ಹಾಕ್ತಾವ್ರೆ? ನೀವೇ ತಾನೆ? ಎಂಗಾಗ್ತಾ ಐತೆ?"

ಅದಕ್ಕೆ ಅವರಿಗೆ ನಗು ಬಂದುಬಿಟ್ಟಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. "ಸಾಕಾಗಿ ಹೋಗೈತೆ ಮಾರಾಯ್ತಿ. ಒಬ್ಬೊಬ್ಳೂ ಒಂದೊಂದು ಜಗಳ ತರ್ತಾಳೆ." ಅಳಿಯನ ಕಡೆ ತಿರುಗಿದರು. "ಯಾವಾಗ ಎದ್ದು ಬರ್ತೀಯೋ?"

"ಗೊಬ್ಬರ ಹಾಕೋ ಹೊತ್ತಿಗೆ ಬರ್ತೀನಿ ಸಾರ್. ಕೋಲು ಹಿಡ್ಕಂಡಾದ್ರೂ ಬರ್ತೀನಿ."

"ಬಾ ಮತ್ತೆ," ಅಂದು ಎದ್ದು ಹೋದರು. ಮಗಳು ಮಾಡಿಟ್ಟ ಕಾಫಿ ಕುಡಿಯದೇ ಹೋದರು, ಅದನ್ನು ನಾನು ಕುಡಿದೆ.

ಮುಂಗಾರು ಹಿಡಿಯುವ ಮುಂಚೆ ಅವನು ಕೋಲೂರಿಕೊಂಡು ತೋಟಕ್ಕೆ ಇಳಿದ. ಇಳಿಜಾರಿನಲ್ಲಿ ಕಾಲು ಎಳೆಯುತ್ತಿತ್ತು, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿತ್ತು. ಅರಸೀಕೆರೆಯ ಹುಡುಗ ಬಂದ. ಅವನಿಗೆ ಜೀಪು ಓಡಿಸಲು ಬರುತ್ತಿತ್ತು, ಡ್ರೈವರ್ ಅಂತ ಸೇರಿಸಿಕೊಂಡರು. ಸಂಜೆ ಅವನು ಮೈದಾನದಲ್ಲಿ ತಪ್ಪು ಹೆಜ್ಜೆ ಇಟ್ಟರೆ ನನ್ನ ಅಳಿಯ ದಿಬ್ಬದ ಮೇಲಿನಿಂದ ಕೂಗಿ ಬೈಯುತ್ತಿದ್ದ. ಆ ಹುಡುಗ ಬಂದ ವರ್ಷವೇ ಅವನಿಗೂ ಹೇಳಿದೆ, ಡ್ರೈವರ್ ಅಂತ ಹೆಸರಿದ್ದ ಮೇಲೆ ದಿನಾ ಜೀಪು ಓಡಿಸು ಅಂತ.